ಕಿವಿಯಲ್ಲಿ ಹೇಳಿದ ಗುಟ್ಟು

ಮಾರ್ಚ್ ೧೨, ಗುರುವಾರ

ಸಂಜೆ ಮೊಮ್ಮಗಳು ನನ್ನ ಕಿವಿಗೆ ಬಾಯಿಟ್ಟು ಏನೋ ಗುಟ್ಟು ಹೇಳಿದಳು. ಬಿಸಿ ಉಸಿರು ತಾಗಿತು, ಮಾತು ಮಾತ್ರ ಕೇಳಲಿಲ್ಲ. ಸುಮ್ಮನೆ ತಲೆಯಾಡಿಸಿದೆ.

"ಹಾಗಾದ್ರೆ ನಾನೇನಂದೆ ಹೇಳು" ಅಂದಳು. ಸಿಕ್ಕಿಬಿದ್ದೆ.

"ನನ್ನ ಮುಖ ನೋಡ್ಕೊಂಡು ಇನ್ನೊಂದ್ಸಲ ಹೇಳು ಪುಟ್ಟಿ."

"ಗುಟ್ಟನ್ನ ಯಾರಾದ್ರೂ ಮುಖ ನೋಡ್ಕೊಂಡು ಹೇಳ್ತಾರಾ ಅಜ್ಜಿ?" ಅಂತ ಮುನಿಸಿಕೊಂಡು, ನನ್ನ ತಲೆಗೆ ಹುಳ ಬಿಟ್ಟು ಹೋದಳು.

ಊಟವಾದ ಮೇಲೆ ಮಗಳಿಗೆ ಕೈಯಿಂದ ಬಾಯಿ ಮುಚ್ಚಿಕೊಂಡು ಮಾತಾಡಲು ಹೇಳಿದೆ. ದನಿ ಬಂತು, ಪದಗಳು ಬರಲಿಲ್ಲ. ಕೈ ತೆಗೆದಳು, ಎಲ್ಲವೂ ತಿಳಿಯಿತು. "ಅಮ್ಮಾ, ನೀನು ಇಷ್ಟು ದಿನ ಕೇಳ್ತಾ ಇರ್ಲಿಲ್ಲ, ಓದ್ತಾ ಇದ್ದೆ" ಅಂದಳು.

ನಿಜವೇ. ಪವರ್‌ಲೂಮ್ ಶೆಡ್ಡಿನ ಗದ್ದಲದಲ್ಲಿ ನಾವು ಮಾತಾಡುವುದೇ ತುಟಿ ನೋಡಿಕೊಂಡು. ಹಾಗಾಗಿ ಯಾರ ಕಿವಿ ಎಷ್ಟು ಹೋಗಿದೆಯೋ ಯಾರಿಗೂ ಗೊತ್ತಾಗಿಲ್ಲ.

ತಮಾಷೆಯೆಂದರೆ, ಗದ್ದಲ ತಡೆಯಲೆಂದು ಮೇಸ್ತ್ರಿ ಕೊಟ್ಟ ಕಿವಿಯ ಬಿರಡೆಗಳನ್ನು ನಾವೆಲ್ಲ ಮೂಲೆಗೆ ಹಾಕಿದ್ದು, ಹಾಕಿಕೊಂಡರೆ ಪಕ್ಕದವಳ ಮಾತು ಕೇಳುವುದಿಲ್ಲ ಅಂತ. ಅವಳ ಮಾತು ಕೇಳಿದ್ದಾದರೂ ಯಾವಾಗ? ಬಿರಡೆಯನ್ನು ಕಣ್ಣಿಗೇನೂ ಹಾಕಬೇಕಿರಲಿಲ್ಲವಲ್ಲ.

ನಾಳೆಯಿಂದ ಹಾಕಿಕೊಳ್ಳುತ್ತೇನೆ. ಹೋದದ್ದು ವಾಪಸ್ಸು ಬರುತ್ತದೋ ಇಲ್ಲವೋ, ಡಾಕ್ಟರನ್ನು ಕೇಳಬೇಕು. ಟೀ ಹೊತ್ತಿಗೆ ಹೊರಗೆ ಪಕ್ಕದ ಮಗ್ಗದವಳ ಹತ್ತಿರವೂ ಬಾಯಿ ಮುಚ್ಚಿಕೊಂಡು ಒಂದು ಮಾತಾಡಿ ನೋಡಬೇಕು. ಅವಳಿನ್ನೂ ಚಿಕ್ಕವಳು, ಉಳಿಸಿಕೊಳ್ಳಲು ಕಿವಿ ಇನ್ನೂ ಇದೆ.

ಪುಟ್ಟಿ ನಿದ್ದೆಯಲ್ಲಿ ತುಟಿ ಆಡಿಸುತ್ತಿದ್ದಾಳೆ. ಬಗ್ಗಿ ಬಗ್ಗಿ ನೋಡಿದೆ, ಓದಲು ಬರಲಿಲ್ಲ. ಏನಿತ್ತೋ ಆ ಗುಟ್ಟಿನಲ್ಲಿ.