ಗಾದೆಮ್ಮನ ಪಟದ ಹಿಂಬದಿ

ಕೌಲ್ ಬಜಾರ್, ಬಳ್ಳಾರಿ
೨೧ ಜನವರಿ ೨೦೨೫

ಮಾರೇಶ,

ಜೈ ಭೀಮ್. ಹನೋಯಿಯ ಚಳಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೇ? ಹದಿನೈದು ದಿನ ಬರೆಯಲಿಲ್ಲ, ತಪ್ಪು ನನ್ನದೇ. ಫೋನಿನಲ್ಲಿ ಎರಡು ಸಲವೂ ಊಟದ ಮಾತಾಡಿ ಇಟ್ಟುಬಿಟ್ಟೆ. ಈ ಕಾಗದವನ್ನು ಫೋಟೋ ತೆಗೆದು ಕಳಿಸುತ್ತಿದ್ದೇನೆ. ಕೂತು ಓದು.

ಒಂಬತ್ತು ವರ್ಷ ಗಂಡಹೆಂಡತಿ ಕ್ಯಾಮೆರಾ ಹೊತ್ತು, ನೇಪಾಳದ ಇಟ್ಟಿಗೆ ಭಟ್ಟಿಯಿಂದ ಲಾವೋಸಿನ ಕಲ್ಲುಗಣಿವರೆಗೆ ಅಲೆದೆವು. ಯಾರ ಚಿತ್ರ ತೆಗೆದರೂ ಮೊದಲ ಪ್ರತಿ ಅವರ ಕೈಗೇ. ಹಿಂಬದಿಯಲ್ಲಿ ಅವರ ಹೆಸರು, ಊರು, ಅವರಾಡಿದ ಮಾತು, ನನ್ನ ಕನ್ನಡದಲ್ಲಿ. ನಾವು ಬಡವರ ಮುಖ ಕದಿಯುವವರಲ್ಲ ಎಂಬ ಸೊಕ್ಕು ಅದು. ಅಲ್ಲಿ ಆ ಅಕ್ಷರ ಓದುವವರು ಒಬ್ಬರೂ ಇರಲಿಲ್ಲ. ಇಲ್ಲಿ ಎಲ್ಲರೂ ಓದುತ್ತಾರೆ. ಇಷ್ಟು ನನಗೆ ಹೊಳೆಯಲಿಲ್ಲ.

ನಮ್ಮ ಚಿತ್ರಗಳ ಪ್ರದರ್ಶನಕ್ಕೆಂದು ನೀನು ಹನೋಯಿಯ ವಿಮಾನ ಹತ್ತುವ ಹಿಂದಿನ ವಾರ ಸಿರುಗುಪ್ಪದ ಆಚೆ, ಅಕ್ಕಿ ಗಿರಣಿಯಲ್ಲಿ ಹೊಟ್ಟು ಬಾಚುವ ಗಾದೆಮ್ಮನ ಚಿತ್ರ ಕೊಟ್ಟೆವಲ್ಲ, ಅದರ ಹಿಂದೆ ಅವಳ ಮಾತು ಬರೆದಿದ್ದೆ: "ಬಾಯ್ಲರ್ ಸಿಡಿದಾಗ ಸತ್ತೋರು ಇಬ್ಬರಲ್ಲ, ಮೂವರು. ಮೂರನೇದಾವ ಬಿಹಾರದಾವ. ಅವನ್ನ ಹೊಟ್ಟಿನ ಗುಡ್ಡ್ಯಾಗ ಹಾಕಿ ಸುಟ್ಟರು. ಕಣ್ಣಾರೆ ಕಂಡೀನಿ."

ಗಾದೆಮ್ಮ ಅದನ್ನು ಕಟ್ಟು ಹಾಕಿಸಲು ಅಂಗಡಿಗೆ ಕೊಟ್ಟಳು. ಕಟ್ಟುವವನು ಹಿಂಬದಿ ಓದಿದ. ಗಿರಣಿ ಧಣಿ ದೊಡ್ಡಬಸವರಾಜನಿಗೆ ಸುದ್ದಿ ಮುಟ್ಟಿಸಿದ.

ಮರುದಿನವೇ ಧಣಿಯ ಮನುಷ್ಯ ಸುಂಕಣ್ಣ ನಮ್ಮ ಮನೆಗೆ ಬಂದ. ಚಪ್ಪಲಿ ಬಿಟ್ಟು, ಬುದ್ಧನಿಗೆ ಕೈಮುಗಿದು ಕೂತ. ಚಹಾ ಕೇಳಿ ಕುಡಿದ.

"ಅಕ್ಕಾರ, ಫೋಟೋ ಭಾಳ ಚೆಂದ ಬಂದೈತ್ರಿ. ನಂದೂ ಒಂದು ತೆಗೀರಿ."

ಬೆಳಕು ಸಾಲದು ಎಂದೆ.

"ಸಾಲದಿದ್ರ ಏನಾತ್ರಿ, ಕಾಯ್ತೀನಿ. ನನ್ನ ಹಿಂದ ಏನ್ ಬರೀತೀರಿ ನೋಡಬೇಕು."

ತೆಗೆದೆ, ಮಾರೇಶ. ಅವನು ನಗುತ್ತಲೇ ಇದ್ದ.

ಅವತ್ತಿನಿಂದ ಗಾದೆಮ್ಮ ಕಾಣೆ. ಇಂದಿಗೆ ಆರು ದಿನ. ಕುರುಗೋಡಿನ ಅಕ್ಕನ ಮನೆಗೆ ಹೋಗಿದ್ದಾಳೆ ಎಂಬುದು ಗಿರಣಿಯವರ ಮಾತು. ಹೋಗಿ ನೋಡಿದೆ. ಬಂದೇ ಇಲ್ಲವೆಂದಳು ಅಕ್ಕ ಉಚ್ಚೆಂಗೆಮ್ಮ. "ನಿನ್ನ ಪಟ ಬಂದ ಮ್ಯಾಲೇ ಆಕಿ ಹೋಗಿದ್ದು. ಇನ್ಯಾರ್ನ ಒಯ್ಯಾಕ ಬಂದಿ?" ಅಂದು ಕದ ಹಾಕಿಕೊಂಡಳು. ಅಲ್ಲಿಂದ ಸಿರುಗುಪ್ಪಕ್ಕೆ ಹೋದೆ. ಸುಗ್ಗಿಯ ಹೊತ್ತಿನಲ್ಲೂ ಗಿರಣಿ ಮುಚ್ಚಿದೆ. ಹೊಟ್ಟಿನ ಗುಡ್ಡೆಗೆ ಮಾತ್ರ ಬೆಂಕಿ ಬಿದ್ದಿದೆ, ಒಳಗೊಳಗೇ ಉರಿಯುತ್ತಿದೆ.

ಠಾಣೆಯಲ್ಲಿ ಇನ್ನೂ ನಾಲ್ಕು ದಿನ ಕಾಯಿರಿ ಎಂದರು. ಧಣಿಯ ಎಮ್ಮೆ ತಪ್ಪಿಸಿಕೊಂಡಿದ್ದರೆ ಆಗಲೇ ಜೀಪು ಹೊರಡುತ್ತಿತ್ತು. ನಾಳೆ ಸಂಘದವರೊಂದಿಗೆ ಎಸ್ಪಿ ಕಚೇರಿ ಮುಂದೆ ಕೂರುತ್ತೇನೆ, ಆ ಗುಡ್ಡೆ ಅಗೆಯುವವರೆಗೆ ಏಳುವುದಿಲ್ಲ. ಅವಳು ಆ ಮಾತು ಹೇಳಿದ ಧ್ವನಿಮುದ್ರಣ ನಿನ್ನ ಬಳಿ ಇದೆ, ಈಗಲೇ ಕಳಿಸು. ಪ್ರದರ್ಶನದ ಗೋಡೆಯಿಂದ ಅವಳ ಚಿತ್ರ ಇಳಿಸು.

ಹೊತ್ತಿಗೆ ಸರಿಯಾಗಿ ಉಣ್ಣು. ಬುದ್ಧನ ಕರುಣೆ ನಿನ್ನ ಮೇಲಿರಲಿ.

ನಿನ್ನ,
ಯಶೋಧರಾ

ತಾ.ಕ.: ಪ್ರತಿ ಕೊಟ್ಟಾಗ ನೀನು ಹೊರಗೆ ಬೈಕಿನ ಹತ್ತಿರ ಇದ್ದೆ. ಗಾದೆಮ್ಮನಿಗೆ ಓದು ಬಾರದು. ಅಕ್ಷರಗಳ ಮೇಲೆ ಬೆರಳಾಡಿಸಿ, "ಇದರಾಗ ಏನೈತಿ, ಯಶೋಧಕ್ಕ?" ಎಂದು ಕೇಳಿದಳು. "ನಿನ್ನ ಹೆಸರು, ನಿನ್ನ ಊರು" ಎಂದೆ. ಉಳಿದದ್ದನ್ನು ಓದಿ ಹೇಳಿದ್ದರೆ ಅಳಿಸು ಅನ್ನುತ್ತಿದ್ದಳು. ಅಳಿಸಲು ನನಗೆ ಮನಸ್ಸಿರಲಿಲ್ಲ.