ಎಂಟು ದಿನದ ಹೂಂ

ಸಾದಲಿ
14-7-2025, ಸೋಮವಾರ

ಪ್ರೀತಿಯ ಅಮ್ಮನಿಗೆ,

ಕವಿತಳ ನಮಸ್ಕಾರ. ಗಂಟಲ ಗಾಯ ಹೇಗಿದೆ? ರಾಗಿ ಗಂಜಿ ಸರಾಗವಾಗಿ ಇಳಿಯುತ್ತಿದೆಯೇ? ಕತ್ತಿನ ಮೇಲಿನ ಬಟ್ಟೆಯನ್ನು ದಿನಕ್ಕೆ ಎರಡು ಸಲ ಬದಲಾಯಿಸಬೇಕೆಂದು ನರ್ಸಮ್ಮ ಹೇಳಿದ್ದನ್ನು ಯಾಮಿನಿ ಮರೆತಿಲ್ಲ ತಾನೆ? ಮರೆತಿರಲಾರಳು; ಸೊಸೆ ಮರೆತರೆ ಅತ್ತೆ ಬಿಡಬೇಕಲ್ಲ. ಸ್ಪೂನಿನಿಂದ ಸ್ಟೀಲ್ ಚೊಂಬು ಬಡಿದು ನೀನು ಮನೆಯವರನ್ನೆಲ್ಲ ಕುಣಿಸುತ್ತಿದ್ದೀಯೆಂದು ತಮ್ಮ ಮುರಳಿ ಫೋನಿನಲ್ಲಿ ಹೇಳಿದ. ಒಂದು ಸಲ ಬಡಿದರೆ ಬಾ ಎಂದಂತೆ, ಎರಡು ಸಲ ಬಡಿದರೆ ಕಾಫಿಯಂತೆ, ಬಿಡದೆ ಬಡಿದರೆ ಟಿವಿ ಆರಿಸಿ ಎಂದಂತೆ. ಅವನು ತಂದುಕೊಟ್ಟ ಸ್ಲೇಟನ್ನು ಮಾತ್ರ ಮಂಚದ ಕೆಳಕ್ಕೆ ತಳ್ಳಿದ್ದೀಯಂತೆ. ಮೂವತ್ತೊಂದು ವರ್ಷ ಅಂಗನವಾಡಿ ಮಕ್ಕಳ ಕೈಗೆ ಸ್ಲೇಟು ಕೊಟ್ಟವಳಿಗೆ ಈಗ ತನ್ನ ಕೈಗೇ ಅದು ಬಂದರೆ ಸಿಟ್ಟು ಬರುವುದು ಸಹಜ ಎಂದು ನಾನು ಮುರಳಿಗೆ ಹೇಳಿದೆ. ಅವನಿಗೆ ಅರ್ಥವಾದ ಹಾಗೆ ಕಾಣಲಿಲ್ಲ.

ಮನೆಮನೆಯಲ್ಲೂ ಫೋನಿರುವ ಕಾಲದಲ್ಲಿ ಇವಳೇಕೆ ಕಾಗದ ಬರೆದಳು ಎನ್ನಬೇಡ. ವಿಡಿಯೋ ಕಾಲ್ ಮಾಡಿದರೆ ನೀನು ಫೋನನ್ನು ಬೋರಲು ಹಾಕುತ್ತೀಯ. ಕಳೆದ ವಾರ ಮೂರು ಸಲ ಮಾಡಿದೆ, ಮೂರು ಸಲವೂ ನನಗೆ ಕಂಡದ್ದು ಕತ್ತಲೆ. ಕತ್ತಿನಲ್ಲಿ ತೂತಿರುವುದನ್ನು ಮಗಳು ನೋಡಬಾರದೆಂದು ನಿನಗಿದ್ದರೆ, ಅದನ್ನು ನಾನು ಆಸ್ಪತ್ರೆಯಲ್ಲೇ ನೋಡಿಯಾಗಿದೆ. ನನಗೆ ಬೇಜಾರಾಯಿತು, ಅಷ್ಟೇ. ಕಾಗದವನ್ನಾದರೆ ಬೋರಲು ಹಾಕುವ ಮೊದಲು ಓದಿಯೇ ಓದುತ್ತೀಯ ಎಂದು ಬರೆಯಲು ಕೂತೆ.

ಇಲ್ಲಿ ಎಲ್ಲರೂ ಕ್ಷೇಮ. ಹೊಸ ಬೆಳೆಗೆ ರೇಷ್ಮೆ ಹುಳು ಮನೆ ತೊಳೆದು ಬ್ಲೀಚಿಂಗ್ ಪೌಡರ್ ಹೊಡೆದಿದ್ದೇವೆ, ಮುಂದಿನ ವಾರ ಮರಿ ಹುಳು ಬರುತ್ತದೆ. ಇವರು ತೋಟದ ಡ್ರಿಪ್ ಪೈಪನ್ನು ಅಳಿಲು ಕಚ್ಚಿತೆಂದು ಮೂರು ದಿನದಿಂದ ಅಳಿಲಿನ ಮೇಲೆ ಮುನಿಸಿಕೊಂಡಿದ್ದಾರೆ. ನಿನ್ನ ಬೀಗಿತ್ತಿ ಓಬಳಮ್ಮನವರಿಗೆ ಮಂಡಿ ನೋವು, ಆದರೆ ಬಾಯಿಗೆ ಏನೂ ಆಗಿಲ್ಲ. ಹರಿತಾ ಚಿಕ್ಕಬಳ್ಳಾಪುರದ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಹೋಗುವಾಗ ನಿದ್ದೆ, ಬರುವಾಗ ನಿದ್ದೆ. ಓದುವುದು ಯಾವಾಗ ಎಂದು ನಾನು ಕೇಳಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ದಿನವೂ ನೀನು ಕಿವಿ ಮುಟ್ಟಿ ಎಂಟು ಬೆರಳು ತೋರಿಸುತ್ತೀಯೆಂದು ಮುರಳಿ ಹೇಳಿದ. ಎಂಟು ದಿನದ ಕಥೆಯನ್ನು ಮೊಮ್ಮಗಳು ಕೇಳಿದಳೇ ಎಂದು ನೀನು ಕೇಳುತ್ತಿರುವುದು. ಅವನು ನಿನ್ನ ಸಮಾಧಾನಕ್ಕೆ, ಎಲ್ಲರೂ ಕೇಳಿದರಂತಮ್ಮಾ, ಚೆನ್ನಾಗಿತ್ತಂತೆ, ಎಂದು ಹೇಳುತ್ತಿದ್ದಾನೆ. ನಿಜ ಅದಲ್ಲ. ನಿಜವನ್ನು ನಾನೇ ಹೇಳಬೇಕು, ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ.

ಮೇ ತಿಂಗಳಲ್ಲಿ ಬೆಂಗಳೂರಿನ ಡಾಕ್ಟರು ನಿನ್ನ ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಲೇಬೇಕು ಎಂದು ದಿನ ಗೊತ್ತುಮಾಡಿದಾಗ ನಮ್ಮ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಹೊತ್ತಿನಲ್ಲಿ ಹುಳು ಸೊಪ್ಪು ಮುಟ್ಟದೆ ತಲೆಯೆತ್ತಿಕೊಂಡು ಸುಮ್ಮನಿರುತ್ತದೆ. ಅದಕ್ಕೆ ಜ್ವರ ಎನ್ನುವುದು, ಆಗ ಮನೆಯವರೂ ಸುಮ್ಮನಿರಬೇಕೆನ್ನುವುದು ನಮ್ಮ ಕಡೆಯ ಪದ್ಧತಿ. ಬಿಟ್ಟು ಬರುವ ಹಾಗಿಲ್ಲ, ಹೊರಗೆ ಓಡಾಡಿ ಒಳಗೆ ಬರುವ ಹಾಗೂ ಇಲ್ಲ. ಆಗ ನೀನೇ ದಾರಿ ಹೇಳಿದೆ. ಮಧ್ಯಾಹ್ನ ಊಟವಾದ ಮೇಲೆ ದಿನವೂ ವಿಡಿಯೋ ಕಾಲ್ ಮಾಡು, ಒಂಟಿ ಕೋಡಿನ ಎಮ್ಮೆಯ ಕಥೆಯನ್ನು ಪೂರ್ತಿ ಹೇಳಿ ಮುಗಿಸುತ್ತೇನೆ, ಅದನ್ನು ಹರಿತಾ ಫೋನಿನಲ್ಲಿ ಹಿಡಿದಿಡಲಿ, ನಾಳೆ ಅವಳ ಮಕ್ಕಳಿಗಾಗುತ್ತದೆ ಎಂದೆ. ಹರಿತಾಗೆ ಇನ್ನೂ ಹತ್ತೊಂಬತ್ತು ಎಂದು ನಾನು ನೆನಪಿಸಿದೆ. ಎಮ್ಮೆಗೆ ಅವಸರವಿಲ್ಲ ಎಂದೆ ನೀನು.

ಹರಿತಾ ಎಲ್ಲ ತೋರಿಸಿಕೊಟ್ಟಳು. ಫೋನಿನ ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದರೆ ಸ್ಕ್ರೀನ್ ರೆಕಾರ್ಡರ್ ಎಂದು ಒಂದಿದೆ. ಮುಟ್ಟಿದರೆ, ಯಾವ ಸದ್ದು ಬೇಕು, ಫೋನಿನ ಒಳಗಿನದೋ, ಮೈಕಿನದೋ, ಎರಡೂವೋ ಎಂದು ಕೇಳುತ್ತದೆ. “ಒಳಗಿನ ಸೌಂಡ್ ಸಾಕು ಮಮ್ಮಿ, ಹೊರಗಿನ ಗಲಾಟೆ ಬರಲ್ಲ” ಎಂದಳು. ಪರೀಕ್ಷೆಗೆಂದು ಒಬ್ಬಟ್ಟು ಮಾಡುವ ವಿಡಿಯೋ ಒಂದನ್ನು ಹಾಕಿ ರೆಕಾರ್ಡ್ ಮಾಡಿ ಕೇಳಿಸಿದಳು. ಬೇಳೆ ಬೇಯುವ ಸದ್ದು ಕೂಡ ಸ್ಪಷ್ಟವಾಗಿತ್ತು, ಪಕ್ಕದಲ್ಲೇ ಅತ್ತೆ ಕೆಮ್ಮಿದ್ದು ಅದರಲ್ಲಿರಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು ಒಪ್ಪಲಿಲ್ಲ. “ಇವಳ ಹೂಂ ಎಲ್ಲಿ ಬರ್ತದೆ? ಹೂಂ ಅನ್ನೋರಿಲ್ದೆ ಕಥೆ ಹೇಳ್ತಾರೇನಮ್ಮ?” ಎಂದು ಮೊಮ್ಮಗಳನ್ನೇ ಗದರಿದೆ. ಚಿಕ್ಕಂದಿನಲ್ಲಿ ನನಗೂ ಅದನ್ನೇ ಹೇಳುತ್ತಿದ್ದೆ, “ಹೂಂ ನಿಂತ್ರೆ ಎಮ್ಮೆನೂ ನಿಲ್ತದೆ ಕಣೇ.” ನಾನು ದಿನವೂ ಎಮ್ಮೆ ವಿದುರಾಶ್ವತ್ಥದ ಮರ ಮುಟ್ಟುವಷ್ಟರಲ್ಲಿ ನಿದ್ದೆ ಹೋಗುತ್ತಿದ್ದೆ, ಅದು ಪಾಪ ಬೆಳಗಿನತನಕ ಅಲ್ಲೇ ನಿಂತಿರುತ್ತಿತ್ತು. ಕಳೆದುಹೋದ ಅದರ ಕರು ಸಿಕ್ಕಿತೋ ಇಲ್ಲವೋ ನನಗೆ ತಿಳಿಯಲೇ ಇಲ್ಲ. ಅಂತೂ ನಿನ್ನ ಮಾತಿಗೆ ಹರಿತಾ ಒಳಗಿನದು, ಮೈಕು, ಎರಡನ್ನೂ ಹಾಕಿಟ್ಟಳು.

ಮೊದಲ ದಿನ ಫೋನನ್ನು ಹುಳು ಮನೆಯ ಸ್ಟ್ಯಾಂಡಿನ ಕಂಬಕ್ಕೆ ಒರಗಿಸಿ ಕೂತಾಗ ನೀನು ಹೇಳಿದ ಮೊದಲ ಮಾತೇ, “ಹುಳಕ್ಕೆ ಜ್ವರ ಅಂತೀಯ, ನನ್ನ ಗಂಟ್ಲು ಅಲ್ಲಿ ಒದರೋದು ಬ್ಯಾಡ, ಕಿವಿಗೆ ವೈರು ಹಾಕ್ಕೋಳಮ್ಮ.” ಹಾಕಿಕೊಂಡೆ. ಜ್ವರ ಎದ್ದು ಹುಳುಗಳು ಸೊಪ್ಪಿಗೆ ಬಾಯಿ ಹಾಕಿದ ಮೇಲೆ ತೆಗೆಯಬಹುದಿತ್ತು. ತೆಗೆಯಲಿಲ್ಲ. ಎರಡು ಕೈಗೂ ಕೆಲಸ, ಜೊತೆಗೆ ಅಷ್ಟು ಹುಳು ಒಟ್ಟಿಗೆ ಮೇಯುವ ಸದ್ದಿನಲ್ಲಿ ಕಿವಿಗೆ ಹಾಕಿಕೊಂಡರೇ ನಿನ್ನ ಮಾತು ಚೆನ್ನಾಗಿ ಕೇಳುತ್ತಿತ್ತು. ಹೀಗೆ ಎಂಟು ದಿನ. ಒಂದು ದಿನವೂ ರೆಕಾರ್ಡನ್ನು ತೆರೆದು ನೋಡಲಿಲ್ಲ. ಬೆಳೆಯ ಕೊನೆಯ ವಾರ, ಪುರುಸೊತ್ತಿರಲಿಲ್ಲ ಎನ್ನುವುದು ಅರ್ಧ ನಿಜ. ಮಾತಾಡುವವಳು ಇನ್ನೂ ಮಾತಾಡುತ್ತಿರುವಾಗಲೇ ಅವಳ ರೆಕಾರ್ಡ್ ಹಾಕಿ ಕೇಳುವುದು ಅಪಶಕುನ ಎನ್ನಿಸಿತು, ಅದು ಇನ್ನರ್ಧ.

ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗಿ, ನೀನು ಆಸ್ಪತ್ರೆಯಿಂದ ತೊಂಡೇಬಾವಿಗೆ ಬಂದು, ಎಲ್ಲ ಒಂದು ಹದಕ್ಕೆ ಬಂದ ಮೇಲೆ ಜೂನ್ ಮಧ್ಯದ ಒಂದು ಭಾನುವಾರ ಎಲ್ಲರೂ ಕೇಳೋಣವೆಂದು ಕೂತೆವು. ಹರಿತಾ ಫೋನನ್ನು ಟಿವಿಗೆ ಜೋಡಿಸಿದಳು. ಅತ್ತೆ ಮಂಡಿಗೆ ಎಣ್ಣೆ ಹಚ್ಚಿಕೊಂಡು ಮುಂದೆಯೇ ಕೂತರು. ಟಿವಿ ತುಂಬ ನೀನು ಬಂದೆ, ಕೆಂಪಂಚಿನ ಸೀರೆ, ಹಿಂದೆ ಮುರಳಿಯ ಮನೆಯ ಕ್ಯಾಲೆಂಡರ್. ಬಾಯಿ ಆಡಿತು, ಕೈ ಆಡಿತು, ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ದನಿಯಲ್ಲಿ ಹೂಂ ಎಂದು ಬಂತು. ಮತ್ತೆ ಹೂಂ. ನೀನು ನಗುತ್ತೀಯ, ನಾನು ಹೂಂ. “ಏನೇ ಇದು, ಬೀಗಿತ್ತಿ ಮಾತೇ ಇಲ್ಲ, ನೀನೊಬ್ಬಳೇ ಹೂಂ ಹೂಂ ಅಂತಿದ್ದೀಯ!” ಎಂದು ಅತ್ತೆ ನಕ್ಕುಬಿಟ್ಟರು. ಆಮೇಲೆ ನನ್ನ ಮುಖ ನೋಡಿ ಎಣ್ಣೆ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಎಂಟೂ ದಿನದ್ದು ಹಾಕಿ ನೋಡಿದೆವು, ಎಂಟೂ ಹಾಗೆಯೇ. ಹರಿತಾ ಅತ್ತಳು. ನಾನು ಅಳಲಿಲ್ಲ, ಎದ್ದು ಹೋಗಿ ಪಾತ್ರೆ ತೊಳೆದೆ.

ಮಾರನೆಯ ದಿನ ಶಿಡ್ಲಘಟ್ಟದಲ್ಲಿ ಮೊಬೈಲ್ ರಿಪೇರಿಯ ಮುನೇಶನ ಅಂಗಡಿಗೆ ಹೋದೆ. ಅವನು ಫೋನನ್ನು ಎರಡು ನಿಮಿಷ ನೋಡಿ, “ಅಕ್ಕಾ, ಹಾಡು, ವಿಡಿಯೋ ಸೌಂಡು ಆದ್ರೆ ಒಳಗಿಂದ ಹಿಡೀತದೆ. ಕಾಲ್‌ನಲ್ಲಿ ಆ ಕಡೆಯೋರು ಮಾತಾಡಿದ್ದನ್ನ ಫೋನು ರೆಕಾರ್ಡರ್‌ಗೆ ಕೊಡಲ್ಲ. ಸ್ಪೀಕರ್ ಹಾಕಿದ್ದಿದ್ರೆ ಮೈಕಿಗಾದ್ರೂ ಬೀಳೋದು. ನೀವು ಕಿವಿಗೆ ಹಾಕ್ಕೊಂಡ್ರಿ” ಎಂದ. ಎಲ್ಲಾದರೂ ಒಳಗೆ ಉಳಿದಿರಬಹುದೇ ಎಂದು ಕೇಳಿದೆ. ಇಲ್ಲ ಎನ್ನುವುದನ್ನು “ಲೇದಕ್ಕಾ” ಎಂದು ತೆಲುಗಿನಲ್ಲಿ ಹೇಳಿದ. ಕೆಟ್ಟ ಸುದ್ದಿಯನ್ನು ನಮ್ಮ ಕಡೆಯವರು ಯಾಕೋ ತೆಲುಗಿನಲ್ಲೇ ಹೇಳುತ್ತಾರೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮುಂದೆ ಕತ್ತಿಗೊಂದು ಯಂತ್ರ ಇಟ್ಟುಕೊಂಡು ಮಾತಾಡಬಹುದು ಎಂದು ಡಾಕ್ಟರು ಹೇಳಿದ್ದಾರೆ, ಮಾತಾಡುತ್ತೀಯ ಕೂಡ. ಆದರೆ ಎಮ್ಮೆಯ ಕಥೆ ಹೇಳಿದ ದನಿ ಅದಲ್ಲ. ಆ ದನಿ ಎಲ್ಲೂ ಇಲ್ಲ, ಅದನ್ನು ಉಳಿಸುವುದು ನನ್ನ ಕೈಯಲ್ಲಿತ್ತು. ಇದನ್ನು ಬರೆಯಲು ನನಗೆ ನಾಲ್ಕು ವಾರ ಬೇಕಾಯಿತು. ತಪ್ಪಾಯಿತಮ್ಮ.

ಆದರೆ ಪೂರ್ತಿ ನೀರಿನ ಪಾಲಾಯಿತು ಎಂದುಕೊಳ್ಳಬೇಡ. ನೀನು ಕಥೆಯನ್ನು ಬಾಯಲ್ಲಷ್ಟೇ ಹೇಳುವವಳಲ್ಲ. ಎಮ್ಮೆ ನಡೆದರೆ ನಿನ್ನ ಭುಜ ನಡೆಯುತ್ತದೆ, ಕೋಡು ಎಂದರೆ ಹಣೆಯ ಮೇಲೆ ಒಂದು ಬೆರಳು ಏಳುತ್ತದೆ. ಹರಿತಾ ಒಂದು ನೋಟ್‌ಬುಕ್ ಹಿಡಿದು ಕೂತಳು, ನಾನು ಪಕ್ಕದಲ್ಲಿ. ನಿನ್ನ ಕೈ ನೋಡಿ, ನನ್ನ ಹೂಂ ಕೇಳಿ, ನೀನು ಹೇಳಿದ್ದನ್ನು ನೆನಪಿನಿಂದ ತೆಗೆದೆ. ಎಲ್ಲ ಹೂಂ ಒಂದೇ ಅಲ್ಲ ಎಂದು ನನಗೆ ಆಗ ಗೊತ್ತಾಯಿತು. ಎರಡನೆಯ ದಿನ ಒಂದು ಉದ್ದನೆಯ ಹೂಂ ಇದೆ, ಅದು ತೊಂಡೇಬಾವಿಯ ರೈಲ್ವೆ ಗೇಟಿನಲ್ಲಿ ಎಮ್ಮೆ ಗೂಡ್ಸ್ ಗಾಡಿ ದಾಟಲೆಂದು ಕಾದದ್ದು. ನಾಲ್ಕನೆಯ ದಿನ ಹೂಂ ನಡುವೆ ನಾನು ಅಯ್ಯೋ ಎಂದಿದ್ದೇನೆ, ಅದು ವಿದುರಾಶ್ವತ್ಥದ ನಾಗರಕಲ್ಲುಗಳ ಹತ್ತಿರ ಕರುವಿನ ಕೊರಳ ಗಂಟೆ ಮಾತ್ರ ಸಿಕ್ಕಿದ್ದು. ಎಮ್ಮೆ ತೆಲುಗಿನಲ್ಲೇ ಮಾತಾಡುತ್ತದಲ್ಲ, ಅಲ್ಲಿ ನಿನ್ನ ತುಟಿ ಮುಂದೆ ಬರುತ್ತದೆ; “ನಾ ದೂಡನಿ ಚೂಸಿನಾರಾ?” ಎಂದು, ತನ್ನ ಕರುವನ್ನು ಕಂಡಿರಾ ಎಂದು, ಪ್ರತಿ ಊರಿನಲ್ಲೂ ಅದು ಕೇಳುವಾಗ ಹರಿತಾ ತಾನೇ ಗುರುತು ಹಿಡಿದು ದನಿಗೂಡಿಸುತ್ತಿದ್ದಳು. ಏಳು ದಿನದ ಕಥೆ ಹೀಗೆ ನೋಟ್‌ಬುಕ್ಕಿಗೆ ಬಂದಿದೆ, ನಲವತ್ತು ಪುಟ. ಕಾಗುಣಿತ ಹರಿತಾಳದು, ಅದಕ್ಕೆ ನಾನು ಹೊಣೆಯಲ್ಲ.

ಬರುವ ಭಾನುವಾರ ನಾನೂ ಹರಿತಾಳೂ ನೋಟ್‌ಬುಕ್ ತೆಗೆದುಕೊಂಡು ಬೆಳಗಿನ ಬಸ್ಸಿಗೆ ಬರುತ್ತೇವೆ. ಹೊಸ ಮರಿ ಹುಳು ಬರುವ ಮೊದಲು ಅದೊಂದೇ ಬಿಡುವು. ಯಾಮಿನಿಗೆ ಅಡುಗೆ ಜಾಸ್ತಿ ಮಾಡಬೇಡವೆಂದು ಹೇಳು, ಅಂದರೆ ಬಡಿ. ಮುರಳಿಗೆ ನನ್ನ ಆಶೀರ್ವಾದ, ಸುಳ್ಳು ಹೇಳಿದ್ದಕ್ಕೆ ಒಂದು ಬೈಗುಳವೂ ಇದೆ, ಬಂದು ಕೊಡುತ್ತೇನೆ. ಅತ್ತೆ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ. ಬಿಸಿ ಗಂಜಿ ಕುಡಿಯಬೇಡ, ಆರಿಸಿ ಕುಡಿ.

ಇಂತಿ ನಿನ್ನ ಮಗಳು,
ಕವಿತ

ತಾ.ಕ.: ಇವರು ಅಂಚೆಗೆ ಹಾಕಿ ಬರುತ್ತೇನೆಂದು ಬೈಕ್ ಸ್ಟಾರ್ಟ್ ಮಾಡಿ ಕೂಗುತ್ತಿದ್ದಾರೆ, ಬೇಗ ಬರೆಯುತ್ತೇನೆ. ಎಂಟನೆಯ ದಿನದ್ದು ನೋಟ್‌ಬುಕ್ಕಿನಲ್ಲಿ ಇಲ್ಲ. ಅವತ್ತು ಹುಳು ಹಣ್ಣಾಗಿದ್ದವು, ಸಂಜೆಯೊಳಗೆ ಎಲ್ಲವನ್ನೂ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕಿತ್ತು. ರೆಕಾರ್ಡಿನ ಮೂಲೆಯ ಪುಟ್ಟ ಚೌಕದಲ್ಲಿ ನನ್ನ ಮುಖ ಕಾಣುತ್ತದೆ. ನಾನು ಒಂದು ಸಲವೂ ನಿನ್ನ ಕಡೆ ನೋಡಿಲ್ಲ. ನೀನು ಎರಡು ಕೈ ಚಾಚಿ ಏನೋ ಹೇಳುತ್ತೀಯ, ಕಣ್ಣೊರೆಸಿಕೊಳ್ಳುತ್ತೀಯ, ನಾನು ಹುಳು ಆರಿಸುತ್ತಾ ಹೂಂ ಎನ್ನುತ್ತೇನೆ. ಆ ಹೂಂ ಒಂದೂ ನಿಜವಲ್ಲ. ನಾನು ಕೇಳಿಸಿಕೊಳ್ಳಲೇ ಇಲ್ಲ. ಅಲ್ಲಿ ಅಜ್ಜಿ ಏನಂದರು ಎಂದು ಹರಿತಾ ಕೇಳಿದಾಗ ಮರೆತೆನೆಂದು ಸುಳ್ಳು ಹೇಳಿದೆ. ಕಥೆ ಆಯಿತು, ಹೋಗಮ್ಮ, ಹುಳ ಕಾಯ್ತವೆ ಎಂದೆಯಲ್ಲ, ನನ್ನ ಕಿವಿಗೆ ಬಿದ್ದದ್ದು ಅದೊಂದೇ. ಎಮ್ಮೆ ಇನ್ನೂ ಚಿಂತಾಮಣಿ ಸಂತೆಯ ಬಾಗಿಲಲ್ಲೇ ನಿಂತಿದೆ. ಭಾನುವಾರ ಕಥೆ ಹೇಳುವವಳು ನಾನು, ಹೂಂ ನಿನ್ನದು. ಚೊಂಬನ್ನು ಹತ್ತಿರ ಇಟ್ಟುಕೊಂಡಿರು. ಸರಿಯಿದ್ದ ಕಡೆ ಒಂದು ಸಲ ಬಡಿ. ಕೊನೆಯನ್ನು ನನಗೆ ತೋಚಿದ ಹಾಗೆಲ್ಲ ಹೇಳುತ್ತಾ ಹೋಗುತ್ತೇನೆ, ಕರು ಸಿಗುವ ತನಕ ಹೇಳುತ್ತೇನೆ. ಫೋನು ನಿನ್ನ ಮುಂದೆಯೇ ಇರುತ್ತದೆ, ಮೈಕ್ ಹಾಕಿರುತ್ತೇನೆ, ಕಿವಿಯ ವೈರನ್ನು ಮನೆಯಲ್ಲೇ ಬಿಟ್ಟು ಬರುತ್ತೇನೆ. ತಪ್ಪಿದ ಕಡೆ ಸುಮ್ಮನಿದ್ದುಬಿಡು ಅಮ್ಮ. ನನ್ನ ಹಾಗೆ ಸುಳ್ಳು ಹೂಂ ಹಾಕಬೇಡ.