ಬಾವಿಮಡಿಲಿಯ ಗಂಡು

ಹೆಸರುಮನೆ, ಬಿಳಿಗುಡ್ಡ
ಮೂರನೇ ಆಷಾಢ, ಬಹುಳ ನವಮಿ

ಮುರಕಲ್ಲಕೇರಿಯ ಕಮಲಾಕ್ಷಮ್ಮನವರಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ನಿಮ್ಮಲ್ಲಿ ಆಷಾಢ ಒಂದೇ, ಅಪರೂಪಕ್ಕೆ ಅಧಿಕ ಬಂದರೆ ಎರಡು. ನಮ್ಮಲ್ಲಿ ಮಳೆ ಬಿಡುವುದೇ ಇಲ್ಲವಾದ್ದರಿಂದ ಪಂಚಾಂಗದವರು ಸೋತು ಅದನ್ನು ಮೂರು ಮಾಡಿದ್ದಾರೆ. ಮದುವೆ ಮುಂಜಿಗೆ ಉಳಿದಿರುವುದು ಅಂಗೈಯಗಲದ ವರ್ಷ. ನಾನು ನಿಮ್ಮ ಮರಿಮಕ್ಕಳ ಮರಿಮಕ್ಕಳ ಕಾಲದವಳು. ಭಾಷೆ ಕನ್ನಡವೇ, ಆದರೂ ನಡುನಡುವೆ ನೀವು ಕೇಳದ ಮಾತು ಬಂದಾವು. ಬಂದಲ್ಲೇ ಬಿಡಿಸಿ ಹೇಳುತ್ತೇನೆ, ಕ್ಷಮಿಸಿ. ಇತ್ತ ಎಲ್ಲರೂ ಕ್ಷೇಮ ಎಂದು ಶುರುಮಾಡುವುದು ಹಿರಿಯರ ಪದ್ಧತಿಯಂತೆ, ಆದರೆ ಸುಳ್ಳಿಗೆ ಹಿನ್ನಂಚೆಯಲ್ಲಿ ಜಾಗ ಸಾಲದು. ಹಿನ್ನಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಮಾತು ಮಾತ್ರ ಹೋಗುತ್ತದೆ, ವಸ್ತು ಹೋಗುವುದಿಲ್ಲ, ಉತ್ತರವಂತೂ ಬರುವುದಿಲ್ಲ. ಒಬ್ಬೊಬ್ಬರಿಗೆ ಜೀವಮಾನದಲ್ಲಿ ಒಂದೇ ಸರದಿ. ಹೆಚ್ಚಿನವರು ತೀರಿಹೋದ ಅಮ್ಮನಿಗೋ ಗಂಡನಿಗೋ ಬರೆಯುತ್ತಾರೆ. ನಾನು ನನ್ನ ಸರದಿಯನ್ನು ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಪ್ರಾಣಿಗಾಗಿ ಕಳೆಯುತ್ತಿದ್ದೇನೆಂದು ತಿಳಿದು ನನ್ನ ತಂಗಿ ಹಣೆ ಚಚ್ಚಿಕೊಂಡಳು.

ನನ್ನ ಹೆಸರು ಹೊನ್ನಿ ಹರಿಕಂತ್ರ. ನಮ್ಮ ಹಿರಿಯರು ಮೀನು ಹಿಡಿದು ಬದುಕಿದವರು. ಈಗ ಹಿಡಿಯಲು ಮೀನಿಲ್ಲ, ಹಾಗಾಗಿ ನಾನು ಹೆಸರುಮನೆಯಲ್ಲಿ ಚಿತ್ರ ಬರೆಯುತ್ತೇನೆ. ಯಾರೂ ಗುರುತಿಸದ ಜೀವವೊಂದು ಸಿಕ್ಕರೆ ಅದರ ಕಾಲು, ಮೀಸೆ, ಬಾಲಗಳನ್ನು ಅಳೆದು, ವಿವರ ಬರೆದು, ಹೆಸರಿಡುವ ಕಚೇರಿ ಇದು. ವಿವರ ಬರೆಯುವವರು ಜಟ್ಟಣ್ಣ, ನನಗಿಂತ ಬಹಳ ಹಿರಿಯರು, ಮುಂಗೋಪಿ, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುವ ಜಾತಿ. ಹೊಸ ಹೆಸರು ಇಡುವ ಸಂದರ್ಭ ವರುಷಕ್ಕೊಂದು ಬಂದರೆ ಹೆಚ್ಚು. ಉಳಿದ ದಿನಗಳಲ್ಲಿ ನಮ್ಮ ಕೆಲಸ ಹಳೆಯ ಹೆಸರುಗಳ ಮುಂದೆ ‘ಈಗಿಲ್ಲ’ ಎಂದು ಬರೆಯುವುದು. ಆ ಪದವನ್ನು ನಾನು ಕಣ್ಣು ಮುಚ್ಚಿಯೂ ಬರೆಯಬಲ್ಲೆ.

ನಿಮ್ಮ ಕೇರಿ ಈಗ ಕಡಲಿನೊಳಗಿದೆ. ಇಳಿತದ ಹೊತ್ತಿನಲ್ಲಿ ಬಾವಿಕಟ್ಟೆಗಳು ಮಾತ್ರ ಇತ್ತೀಚಿನ ತನಕ ನೀರಿನಿಂದ ತಲೆಯೆತ್ತುತ್ತಿದ್ದವು. ದಂಡೆಯುದ್ದಕ್ಕೂ ಹೊಯ್ಗಲ್ಲಿನ ಗೋಡೆ ಎದ್ದಿದೆ. ಹೊಯ್ಗಲ್ಲು ಎಂದರೆ ನಿಮ್ಮ ಕಾಂಕ್ರೀಟಿನ ಮರಿಮಗಳು. ದೋಸೆಹಿಟ್ಟಿನ ಹಾಗೆ ಹೊಯ್ದರೆ ಸಂಜೆಯೊಳಗೆ ಬಂಡೆಯಾಗುತ್ತದೆ. ಅದರ ಬೆನ್ನಿಗೆ ನಾವು ಬದುಕುತ್ತೇವೆ. ಬಟ್ಟೆ ಒಣಗುವುದಿಲ್ಲ, ಉಪ್ಪು ಕಲ್ಲಾಗುತ್ತದೆ, ಮಕ್ಕಳು ನೆಲದ ಮೇಲೆ ಕೂರುವ ಮೊದಲು ಅಂಗೈಯಿಟ್ಟು ಒದ್ದೆಯಿದೆಯೇ ಎಂದು ನೋಡುತ್ತಾರೆ. ಆ ಅಭ್ಯಾಸವನ್ನು ಅವರಿಗೆ ಯಾರೂ ಕಲಿಸಿಲ್ಲ.

ಉಳಿದ ಜೀವ ಹುಡುಕುತ್ತ ನಾನೂ ಜಟ್ಟಣ್ಣನೂ ನಿಮ್ಮ ಬಾವಿಗೆ ಇಳಿದದ್ದು ಎರಡನೇ ಆಷಾಢದಲ್ಲಿ. ತಳದ ಕೆಸರಿನಲ್ಲಿ ಒಂದು ಸ್ಟೀಲಿನ ಚಂಬು ಸಿಕ್ಕಿತು. ಉಜ್ಜಿದರೆ ಅಕ್ಷರ ಕಂಡವು: ‘ಕಮಲಾಕ್ಷಿಯ ಮದುವೆಗೆ, ಮುರಕಲ್ಲಕೇರಿ ದೊಡ್ಡಮ್ಮನಿಂದ.’ ಪಾತ್ರೆಗೆ ಹೆಸರು ಹೊಡೆಸುವ ನಿಮ್ಮ ಪದ್ಧತಿಯನ್ನು ಕಂಡು ನಾವು ಬಹಳ ನಕ್ಕಿದ್ದುಂಟು. ಆ ದಿನ ನಗಲಿಲ್ಲ. ಚಂಬು ಬಿದ್ದದ್ದಕ್ಕೆ ನಿಮ್ಮ ಅತ್ತೆ ಎಷ್ಟು ಬೈದರೋ, ನಮಗಂತೂ ಅದು ಪುಣ್ಯ. ಅದರ ಬಾಯಿಯ ಮಡಿಕೆಯಲ್ಲಿ, ಮುರಕಲ್ಲಿನದೇ ಕೆಂಪು ಬಣ್ಣದ ಜೀವವೊಂದು ಅಂಟಿಕೊಂಡಿತ್ತು. ಹೂಕುಂಡ ಎತ್ತಿದಾಗ ಅಡಿಯಲ್ಲಿ ಕಾಣುವ, ಮುಟ್ಟಿದರೆ ಗುಂಡಾಗುವ ಹುಳ ನಿಮಗೆ ಗೊತ್ತಲ್ಲ? ಇದು ಅದರ ಕಡಲ ಸಂಬಂಧಿ. ಸಿಗಡಿ ಏಡಿಗಳಿಗೂ ದೂರದ ನೆಂಟ. ಏಳು ಜೊತೆ ಕಾಲು, ಬಾಲದ ಎರಡು ಬದಿ ಬೀಸಣಿಗೆ, ಬೆನ್ನಿನ ಮೇಲೆ ಸಾಲು ಸಾಲು ಗುಬುಟು. ಎದೆಯಡಿ ತೆಳು ರೆಕ್ಕೆಗಳು ಕೂಡಿ ಒಂದು ಚೀಲವಾಗಿತ್ತು, ಚೀಲದೊಳಗೆ ಮರಿಗಳು ಮಿಸುಕುತ್ತಿದ್ದವು. ಜಟ್ಟಣ್ಣ ಭೂತಗನ್ನಡಿಯಿಂದ ಕಣ್ಣು ತೆಗೆಯದೆ, “ಮಾರಾಯ್ತಿ, ಇವಳು ಮಡಿಲು ತುಂಬಿದವಳು. ಈಗ ಇವಳನ್ನ ಮುಟ್ಟುಕಾಗ” ಅಂದರು, ಮುಟ್ಟಬಾರದು ಅಂತ. ಬಾವಿಮಡಿಲಿ ಎಂಬ ಹೆಸರು ಅಲ್ಲೇ ಹುಟ್ಟಿತು.

ನಮ್ಮ ಮನೆಯ ಕಟ್ಟಳೆಯೊಂದಿದೆ. ಹೆಸರಿಡಬೇಕಾದರೆ ಒಂದು ಸಾಕ್ಷಿಜೀವ ಬೇಕು, ಅಂದರೆ ಆ ಹೆಸರು ಯಾರದೆಂದು ತೋರಿಸಲು ಸೀಸೆಯಲ್ಲಿ ಕಾಪಿಟ್ಟ ಒಂದು ದೇಹ. ಆದರೆ ಮರಿ ಹೊತ್ತ ತಾಯಿಯನ್ನು ಕೊಲ್ಲುವಂತಿಲ್ಲ. ಮರಿಗಳು ತಾವಾಗಿ ಹೊರಬರುವ ತನಕ ಕಾದು, ಅವನ್ನು ಹಿಡಿದ ಜಾಗಕ್ಕೇ ಬಿಟ್ಟು ಬರಬೇಕು. ಇದಕ್ಕೆ ಮಡಿಲು ಮರಳಿಸುವುದು ಎನ್ನುತ್ತೇವೆ. ನಾವು ಕಾದೆವು. ಬಾವಿಯ ನೀರನ್ನೇ ತಂದು ಬಟ್ಟಲಿಗೆ ತುಂಬಿದೆವು. ಮರಿಗಳು ಬಂದವು, ಬಿಳಿ ಗಸಗಸೆಯಷ್ಟು, ಆರೇ ಜೊತೆ ಕಾಲು. ಏಳನೆಯದು ಆಮೇಲೆ ಮೂಡುತ್ತದೆ. ಅಷ್ಟು ಎಳೆಯದರಲ್ಲಿ ಗಂಡು ಯಾವುದು ಹೆಣ್ಣು ಯಾವುದು ಹೇಳಲಾಗುವುದಿಲ್ಲ. ಎಲ್ಲವನ್ನೂ ನಿಮ್ಮ ಬಾವಿಗೆ ಬಿಟ್ಟು ಬಂದೆವು. ಹಿಂದಿರುಗಿದಾಗ ತಾಯಿ ಬಟ್ಟಲಿನ ತಳದಲ್ಲಿ ಕಾಲು ಸಡಿಲಿಸಿ ಮಲಗಿದ್ದಳು. ಕೊಲ್ಲುವ ಪಾಪ ತಪ್ಪಿತು ಎಂದು ಜಟ್ಟಣ್ಣ ಹೇಳಿದರು, ಆದರೆ ಆ ಮಧ್ಯಾಹ್ನ ಅವರು ಊಟ ಮಾಡಲಿಲ್ಲ.

ಆ ವಾರವೇ ತೆಂಕಣ ಗೋಡೆ ಒಡೆಯಿತು. ನೀರು ನುಗ್ಗಿದ ಮೊದಲ ಮನೆಗಳಲ್ಲಿ ಜಟ್ಟಣ್ಣನ ಮಗಳು ಗಣಪಿಯದೂ ಒಂದು. ಗೋಡೆಯನ್ನು ಮುಂದಕ್ಕೆ ಕಟ್ಟಬೇಕು, ಅದಕ್ಕೆ ತಳಪಾಯ ಬೇಕು, ತಳಪಾಯಕ್ಕೆ ಮುರಕಲ್ಲಕೇರಿಯ ಬಾವಿಗಳ ಬಾಯಿ ಮುಚ್ಚಬೇಕು. ಇನ್ನೊಂದು ಸಲ ಬಾವಿಗಿಳಿದು ಗಂಡನ್ನು ಹುಡುಕಲೆಂದು ಜಟ್ಟಣ್ಣ ಗೋಡೆ ಕಟ್ಟುವವರಲ್ಲಿ ಒಂದು ವಾರದ ಗಡುವು ಕೇಳಲು ಹೊರಟರು. ಗಣಪಿ ಕೂಸನ್ನು ಸೊಂಟಕ್ಕೇರಿಸಿಕೊಂಡು ಹೆಸರುಮನೆಯ ಬಾಗಿಲಿಗೆ ಅಡ್ಡ ನಿಂತಳು. “ಅಪ್ಪಾ, ನಿನ್ನ ಹುಳಕ್ಕೆ ಬಾವಿ ಬೇಕು, ಹೌದು. ನನ್ನ ಕೂಸಿಗೆ ಒಣಗಿದ ನೆಲ ಬೇಡ್ವಾ?” ಅವರು ಚಪ್ಪಲಿ ಕಳಚಿ ಒಳಗೆ ಬಂದು ಕೂತರು. ನಾನು ಹೋಗಬಹುದಿತ್ತು, ನಾನೂ ಹೋಗಲಿಲ್ಲ. ಇದರಲ್ಲಿ ಯಾರನ್ನು ಬೈಯಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಮುಚ್ಚಿದ್ದು ಬಾವಿಯ ಬಾಯಿ ಮಾತ್ರ. ಮುರಕಲ್ಲು ಜಾಲರಿಯಂಥ ಕಲ್ಲು, ಅದರ ತೂತುಗಳಲ್ಲಿ ಉಬ್ಬರದ ನೀರು ಒಂದಿಷ್ಟಾದರೂ ಒಳಗೆ ಬರುತ್ತದೆ. ಮರಿಗಳು ಕತ್ತಲಲ್ಲಿ ಇನ್ನೂ ಇರಬಹುದು. ಬಹಳ ಕಾಲ ಇರಲಾರವು. ಪೂರ್ಣ ಹೆಸರು ಪಡೆದ ಜೀವದ ನೆಲೆಗೆ ಗಾಳಿಕಿಂಡಿ ಕೊರೆದು ಕೊಡಬೇಕೆಂದು ಕಾನೂನಿದೆ. ಗೋಡೆಗೂ ಅದರಿಂದ ತೊಂದರೆಯಿಲ್ಲ. ಆದರೆ ಬಾವಿಮಡಿಲಿಗೆ ಸಿಕ್ಕಿರುವುದು ಅರೆಹೆಸರು. ಹಿರಿಯರ ಮಂಡಳಿ ವಿವರವನ್ನು ಓದಿ, ಗಂಡನ್ನು ಕಾಣದೆ ಇದು ಬೇರೆಯೇ ಜಾತಿ ಎಂದು ಒಪ್ಪಲಾಗದು ಎಂದಿತು. ಅವರ ಮಾತೂ ತಪ್ಪಲ್ಲ. ಪಕ್ಕದ ಕೊಲ್ಲಿಯಲ್ಲಿ ಇಂಥದೇ ಇನ್ನೊಂದಿತ್ತು, ಹೆಣ್ಣುಗಳನ್ನು ಅಕ್ಕಪಕ್ಕ ಇಟ್ಟರೆ ತಾಯಿಗೂ ಗೊತ್ತಾಗದು. ಗಂಡಿನ ಹೊಟ್ಟೆಯಡಿ, ಎರಡನೆಯ ಜೊತೆ ಈಜುಗಾಲಿನಲ್ಲಿ, ಸೂಜಿಯಂಥ ಕಡ್ಡಿಯೊಂದಿರುತ್ತದೆ. ಪಕ್ಕದ ಕೊಲ್ಲಿಯದಕ್ಕೆ ಆ ಕಡ್ಡಿ ನೆಟ್ಟಗಿತ್ತು. ನಮ್ಮದಕ್ಕೆ ತುದಿ ಬಾಗಿದ್ದರೆ ಅದು ಬೇರೆ ಜಾತಿ. ಇಷ್ಟರ ಮೇಲೆ ಎಲ್ಲವೂ ನಿಂತಿದೆ.

ಅಮ್ಮಾ, ಕೇಳುವುದು ಇಷ್ಟೇ. ನಿಮ್ಮ ಕಾಲದಲ್ಲಿ ನಿಮ್ಮ ಬಾವಿ ಸಿಹಿನೀರಿನದು, ಅಲ್ಲಿ ಇವು ಇರಲಾರವು. ಕೇರಿ ಮುಗಿದು ಕಡಲು ಶುರುವಾಗುವಲ್ಲಿ ಮುರಕಲ್ಲಿನ ತುಂಡುಗಳು ಬಿದ್ದಿರುತ್ತವೆ. ಇಳಿತದಲ್ಲಿ ಹೋಗಿ ಒಂದನ್ನು ಮಗುಚಿ ನೋಡಿ. ಕೆಂಪಗೆ ಏನಾದರೂ ಗುಂಡಾದರೆ ಅದೇ. ಕಾಲೇಜಿಗೆ ಹೋಗುವ ಮಕ್ಕಳು ಪರಿಚಯದಲ್ಲಿದ್ದರೆ ಅವರ ಸೂಕ್ಷ್ಮದರ್ಶಕದಡಿ, ಒಂದು ಹನಿ ಕಡಲನೀರಿನಲ್ಲಿ ಅಂಗಾತ ಮಲಗಿಸಿ ನೋಡಿ. ಮಡಿಲಿಲ್ಲದೆ ಕಡ್ಡಿಯಿದ್ದದ್ದು ಗಂಡು. ಅದರ ಆಕಾರವನ್ನು ಕಾಗದದಲ್ಲಿ ಬರೆಯಬೇಡಿ, ಕಾಗದ ನಮ್ಮ ತನಕ ಬರುವುದಿಲ್ಲ. ಸ್ಟೀಲ್ ತಟ್ಟೆಯ ಬೆನ್ನಿಗೆ, ಹೆಸರು ಹೊಡೆಯುವವನ ಕೈಯಲ್ಲೇ ಹೊಡೆಸಿ. ಬಿಳಿಗುಡ್ಡದ ದೀಪಸ್ತಂಭ ನಿಮ್ಮಲ್ಲೂ ಇದೆ, ನಮ್ಮಲ್ಲೂ ನಿಂತಿದೆ. ಅದರ ಒಳಗೆ, ಮೆಟ್ಟಿಲ ಬುಡದಲ್ಲಿ, ಎಣ್ಣೆ ಡಬ್ಬಿ ಇಡುವ ಗೂಡಿದೆ. ಅದರಲ್ಲಿಡಿ. ಪ್ರಾಣಿಯನ್ನು ತಿರುಗಿ ಕಡಲಿಗೆ ಬಿಡಿ, ಕಲ್ಲನ್ನು ಮೊದಲಿನ ಹಾಗೆಯೇ ಮಗುಚಿಡಿ.

ಒಂದು ಮಾತನ್ನು ನಿಮ್ಮಿಂದ ಮುಚ್ಚಿಡಲಾರೆ. ನೀವು ತಟ್ಟೆ ಇಟ್ಟಿದ್ದರೆ ಅದು ಇಷ್ಟು ಹೊತ್ತಿಗೆ ಆ ಗೂಡಿನಲ್ಲಿ ಇರಲೇಬೇಕು. ನಿನ್ನೆ ನಾನು ಹೋಗಿ ಕೈ ಹಾಕಿದೆ. ಸಿಕ್ಕಿದ್ದು ಬಾವಲಿಯ ಹಿಕ್ಕೆ ಮತ್ತು ತೇವ. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಬಂದು ಹೇಳಿದಾಗ ಜಟ್ಟಣ್ಣ ಸಿಡುಕಿದರು: “ನೀ ಇನ್ನೂ ಕೇಳ್ಲೇ ಇಲ್ಲ ಮಾರಾಯ್ತಿ. ಕೇಳೂಕೆ ಮುಂಚೆ ಯಾರು ತಂದಿಡ್ತ್ರು?” ಅವರ ಮಾತು ನಿಜವೋ, ಮುದುಕರ ಸಮಾಧಾನವೋ ಗೊತ್ತಿಲ್ಲ. ವಿವರದ ಹಾಳೆಯಲ್ಲಿ ‘ಗಂಡು’ ಎಂಬುದರ ಮುಂದೆ ಜಾಗ ಬಿಟ್ಟಿದ್ದೇನೆ.

ಇದನ್ನು ಹಿನ್ನಂಚೆಗೆ ಹಾಕಿ ನಾಳೆ ಬೆಳಿಗ್ಗೆ ಮತ್ತೆ ಬಿಳಿಗುಡ್ಡ ಹತ್ತುತ್ತೇನೆ. ನಿಮ್ಮ ಚಂಬನ್ನೂ ತೊಳೆದು ಒಯ್ಯುತ್ತೇನೆ. ಗೂಡು ಆಗಲೂ ಬರಿದಾಗಿದ್ದರೆ, ನಿಮ್ಮದು ನಿಮಗೇ ಮರಳಲಿ ಎಂದು ಅದನ್ನು ಅಲ್ಲಿಟ್ಟು ಬರುತ್ತೇನೆ.

ನಿಮ್ಮ
ಹೊನ್ನಿ